ಅಪ್ಪನ ಕ್ಯಾಸೆಟ್ಟಿನ ಸಿತಾರ್: ಇದು ಯಾವ ರಾಗ, ಉಳಿಸಿಕೊಳ್ಳುವುದು ಹೇಗೆ?

ದುರ್ಗದಬೈಲು (ಪ್ರಶ್ನೆ)

ಸಂಗೀತ ಬಲ್ಲವರಲ್ಲಿ ಒಂದು ವಿನಂತಿ. ನಮ್ಮ ತಂದೆಯವರು ಹುಬ್ಬಳ್ಳಿಯ ದುರ್ಗದಬೈಲಿನ ಬಳಿ ಫೋಟೋಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿಯೊಂದನ್ನು ಇಟ್ಟುಕೊಂಡಿದ್ದರು. ದೇವರ ಪಟಗಳು, ಮದುವೆಯ ಜೋಡಿಗಳು, ತೀರಿಕೊಂಡ ಹಿರಿಯರು ಎಲ್ಲರೂ ಅಲ್ಲಿ ಒಂದೇ ಗೋಡೆಗೆ ಒರಗಿ ನಿಂತು ತಮ್ಮ ಸರದಿಗಾಗಿ ಕಾಯುತ್ತಿದ್ದರು. ಆ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಅಪ್ಪ ಒಂದೇ ಒಂದು ಕ್ಯಾಸೆಟ್ಟನ್ನು ಹಾಕುತ್ತಿದ್ದರು. 1984ರಲ್ಲಿ ಧಾರವಾಡ ಆಕಾಶವಾಣಿಯಿಂದ ಪ್ರಸಾರವಾದ ಸಿತಾರ್ ವಾದನವನ್ನು, ನೆರೆಮನೆಯ ಮಾಸ್ತರರಿಂದ ಎರವಲು ತಂದ ಟೇಪ್ ರೆಕಾರ್ಡರನ್ನು ರೇಡಿಯೋದ ಎದುರಿಗಿಟ್ಟು ತುಂಬಿಸಿಕೊಂಡದ್ದದು. ನಿರೂಪಕರು ಕನ್ನಡದಲ್ಲಿ 'ಇದುವರೆಗೆ ನೀವು ಕೇಳಿದ್ದು' ಎನ್ನುತ್ತಿದ್ದಂತೆ ಟೇಪು ನಿಂತುಬಿಡುತ್ತದೆ. ಹೀಗಾಗಿ ವಾದಕರ ಹೆಸರು ನಮಗೆ ಎಂದಿಗೂ ತಿಳಿಯಲಿಲ್ಲ.

ಅಪ್ಪನಿಗೆ ಆ ವಾದನದ ಜೊತೆಯಲ್ಲೇ ಕೆಲಸ ಮಾಡುವ ರೂಢಿ ಬಿದ್ದಿತ್ತು. ಆಲಾಪ ನಡೆಯುವಾಗ ಅವರು ರಟ್ಟಿಗೆ ಅಂಟು ಸವರುವ, ಗಾಜು ಒರೆಸುವ ಸದ್ದಿಲ್ಲದ ಕೆಲಸಗಳನ್ನು ಮಾತ್ರ ಮಾಡುತ್ತಿದ್ದರು. ತಬಲಾ ಬಂದು ಕೂಡಿಕೊಂಡ ಮೇಲೆ ಸಣ್ಣ ಮೊಳೆಗಳನ್ನು ಹೊಡೆಯತೊಡಗುತ್ತಿದ್ದರು. ಆಲಾಪದ ನಡುವೆ ಗಿರಾಕಿ ಬಂದು ಅವಸರ ಮಾಡಿದರೆ "ಒಂದ್ ಐದ್ ಮಿನಿಟ್ ಕುಂದರ್ರಿ, ಇದು ಮುಗೀಲಿ" ಎಂದು ಸ್ಟೂಲು ತೋರಿಸುತ್ತಿದ್ದರು. ಅದರಿಂದ ಕಳೆದುಕೊಂಡ ವ್ಯಾಪಾರ ಎಷ್ಟೆಂಬುದನ್ನು ಅವ್ವ ಈಗಲೂ ಲೆಕ್ಕ ಹಾಕಿ ಹೇಳಬಲ್ಲಳು.

ರೇಡಿಯೋ ಬೇರೆ, ರೆಕಾರ್ಡರ್ ಬೇರೆ ಆಗಿದ್ದುದರಿಂದ ಮನೆಯ ಸದ್ದುಗಳೂ ಅದರಲ್ಲಿ ಸೇರಿಹೋಗಿವೆ. ಸ್ಟೇಷನ್ ಕಡೆಯಿಂದ ರೈಲಿನ ಸಿಳ್ಳೆ ಒಮ್ಮೆ ಕೇಳುತ್ತದೆ. ತಬಲಾ ಶುರುವಾದ ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳವೊಂದು ಬಿದ್ದು ಗಿರಗಿರನೆ ತಿರುಗಿ ನಿಲ್ಲುತ್ತದೆ, ಅದರ ಹಿಂದೆಯೇ ಯಾರೋ ಹೆಣ್ಣುಮಗಳು ಮೆಲ್ಲಗೆ 'ಅಯ್ಯ' ಎನ್ನುತ್ತಾಳೆ. ಚಿಕ್ಕಂದಿನಲ್ಲಿ ನಾನೂ ತಂಗಿಯೂ ಆ ಮುಚ್ಚಳಕ್ಕಾಗಿಯೇ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಕ್ಯಾಸೆಟ್ಟಿನ ಬಿ ಬದಿಯಲ್ಲಿ ಇಲಿ ಚೀರಿದಂತಹ ಕೀರಲು ಸದ್ದು ಕೆಲವು ನಿಮಿಷ ಬರುತ್ತದೆ, ಆಮೇಲೆ ಏನೂ ಇಲ್ಲ. ಆ ಬದಿ ಮೊದಲಿನಿಂದಲೂ ಹಾಳಾದದ್ದು.

ಅಪ್ಪ 2003ರಲ್ಲಿ ತೀರಿಕೊಂಡರು. ಕಳೆದ ತಿಂಗಳು ನಾನು ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಒಂದು ಅಂಗಡಿಗೆ ಕೊಟ್ಟೆ. ಅವರು ಬಹಳ ಶ್ರಮ ವಹಿಸಿ, ನಾನು ಕೇಳದೆಯೇ, ಎಲ್ಲ ಗದ್ದಲವನ್ನೂ ತೆಗೆದು ಸ್ವಚ್ಛ ಮಾಡಿ ಕೊಟ್ಟರು. ಈಗ ರೈಲಿಲ್ಲ, ಮುಚ್ಚಳವಿಲ್ಲ, 'ಅಯ್ಯ' ಎಂದವರೂ ಇಲ್ಲ. ಸಿತಾರ್ ಕೂಡ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕೇಳುತ್ತದೆ. ಮೂಲ ಕ್ಯಾಸೆಟ್ ನನ್ನ ಬಳಿ ಇದೆಯಾದರೂ ಅದರೊಳಗೆ ಬಿಳಿಯ ಬೂಷ್ಟು ಕಾಣುತ್ತಿರುವುದರಿಂದ ಇನ್ನೊಮ್ಮೆ ಹಾಕಲು ಧೈರ್ಯ ಸಾಲುತ್ತಿಲ್ಲ.

ನನ್ನ ಪ್ರಶ್ನೆಗಳು ಎರಡು. ಒಂದು, ಇದು ಯಾವ ರಾಗ? ಹಾರ್ಮೋನಿಯಂ ಕಲಿಯುತ್ತಿರುವ ನೆರೆಮನೆಯ ಹುಡುಗಿ ಕೇಳಿ ಬರೆದುಕೊಟ್ಟ ಪ್ರಕಾರ ಗಾಂಧಾರ (ಗ) ಮತ್ತು ನಿಷಾದ (ನಿ) ಕೋಮಲ, ಅಂದರೆ ತುಸು ತಗ್ಗಿದವು, ಏರುವಾಗ 'ಸಾ ಗ ಮ ಧ ನಿ ಸಾ', ಪಂಚಮ ಇಳಿಯುವಾಗ ಮಾತ್ರ ಒಂದೆರಡು ಸಲ ಸುಳಿದು ಹೋಗುತ್ತದೆ, ಮಧ್ಯಮದ ಮೇಲೆ ವಾದಕರು ಮತ್ತೆ ಮತ್ತೆ ಬಂದು ನಿಲ್ಲುತ್ತಾರೆ. ಮಧ್ಯಾಹ್ನ ಕೇಳುತ್ತಿದ್ದುದರಿಂದ ಭೀಮಪಲಾಸಿ ಇರಬಹುದೆಂದು ನನ್ನ ಊಹೆ. ಎರಡು, ಈ ಕ್ಯಾಸೆಟ್ಟನ್ನು ಕೆಡಿಸದೆ ಇನ್ನೊಮ್ಮೆ ಇಳಿಸಿಕೊಳ್ಳುವುದು ಹೇಗೆ? ಜೊತೆಗೆ, ಪದಗಳಿಲ್ಲದ ಯಾವುದಾದರೂ ವಾದನ ಹೀಗೆ ನಿಮ್ಮ ಬದುಕಿಗೂ ಅಂಟಿಕೊಂಡಿದ್ದರೆ ಅದನ್ನೂ ಓದುವ ಆಸೆ ನನಗಿದೆ.

ಮಿಜರಾಬು, ಧಾರವಾಡ

ನಮಸ್ಕಾರ. ನಾನು ಅನೇಕ ವರ್ಷ ಸಿತಾರ್ ಅಭ್ಯಾಸ ಮಾಡಿ, ಅದರಲ್ಲಿ ದೊಡ್ಡ ಸಾಧನೆಯನ್ನೇನೂ ಮಾಡದೆ, ಒಳ್ಳೆಯ ಕೇಳುಗನಾಗಿ ಉಳಿದವನು. ನೀವು ಬರೆದಿರುವ ಸ್ವರಗಳಿಂದಲೇ ಉತ್ತರ ಹೊರಡುತ್ತದೆ: ಅದು ಭೀಮಪಲಾಸಿಯಲ್ಲ, ಬಾಗೇಶ್ರೀ. ಎರಡೂ ಕಾಫಿ ಥಾಟಿನ (ಒಂದೇ ಸ್ವರಗುಂಪಿನ) ರಾಗಗಳು, ಎರಡರಲ್ಲೂ ಗಾಂಧಾರ ನಿಷಾದಗಳು ಕೋಮಲ, ಎರಡರಲ್ಲೂ ಮಧ್ಯಮವೇ ವಾದಿ, ಅಂದರೆ ಪ್ರಧಾನ, ಸ್ವರ. ಆದ್ದರಿಂದ ಮಧ್ಯಮದ ಮೇಲಿನ ನಿಲುಗಡೆಯೊಂದನ್ನೇ ನೋಡಿದರೆ ಯಾರಾದರೂ ಮೋಸಹೋಗಬಹುದು. ಆದರೆ ಭೀಮಪಲಾಸಿ ಏರುವಾಗ ಪಂಚಮವನ್ನು ಹಿಡಿದು ಧೈವತವನ್ನು ಬಿಡುತ್ತದೆ, ಬಾಗೇಶ್ರೀ ಧೈವತವನ್ನು ಹಿಡಿದು ಪಂಚಮವನ್ನು ಬಿಡುತ್ತದೆ. ನಿಮ್ಮ ನೆರೆಮನೆಯ ಹುಡುಗಿ ಏರುವ ಸಾಲಿನಲ್ಲಿ 'ಮ ಧ ನಿ' ಎಂದು ಬರೆದುಕೊಟ್ಟಾಗಲೇ ತೀರ್ಪು ಕೊಟ್ಟಾಗಿದೆ. ಆಕೆಗೆ ನನ್ನ ಅಭಿನಂದನೆ ತಿಳಿಸಿರಿ.

ಹೊತ್ತಿನ ವಿಷಯವೂ ಸ್ವಾರಸ್ಯಕರವಾಗಿದೆ. ಭೀಮಪಲಾಸಿ ಹಗಲಿನ ಮೂರನೆಯ ಪ್ರಹರದ ರಾಗ, ಬಾಗೇಶ್ರೀ ರಾತ್ರಿಯದು. ಆಕಾಶವಾಣಿಯವರು ಶಾಸ್ತ್ರೀಯ ಸಂಗೀತಕ್ಕೆ ರಾಗಗಳ ಹೊತ್ತನ್ನು ಬಹುಮಟ್ಟಿಗೆ ಪಾಲಿಸುತ್ತ ಬಂದವರು, ಆದ್ದರಿಂದ ನಿಮ್ಮ ತಂದೆಯವರು ಅದನ್ನು ರಾತ್ರಿಯ ಊಟದ ಹೊತ್ತಿನಲ್ಲೋ ಅದರ ನಂತರವೋ ತುಂಬಿಸಿಕೊಂಡಿರಬೇಕು. ಅಡುಗೆಮನೆಯ ಮುಚ್ಚಳವೂ ಅದಕ್ಕೆ ಸಾಕ್ಷಿ ಹೇಳುತ್ತಿದೆ. ನೀವು ಮಾತ್ರ ಮಧ್ಯಾಹ್ನದ ಬಿಸಿಲು, ಅಂಟಿನ ವಾಸನೆ ಮತ್ತು ಮೊಳೆಯ ಸದ್ದಿನೊಂದಿಗೆ ಕೇಳಿ ಅದನ್ನು ಮಧ್ಯಾಹ್ನದ ರಾಗವೆಂದು ನಂಬಿದಿರಿ.

ವಾದಕರು ಯಾರೆಂದು ಹೇಳುವ ದುಡುಕನ್ನು ನಾನು ಮಾಡಲಾರೆ. ನಿರೂಪಣೆ ಕನ್ನಡದಲ್ಲಿದೆ ಎಂದರೆ ಅದು ದೆಹಲಿಯಿಂದ ಸಹಪ್ರಸಾರವಾಗುತ್ತಿದ್ದ ಶನಿವಾರದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವಲ್ಲ, ಧಾರವಾಡ ನಿಲಯದ್ದೇ ಪ್ರಸಾರ ಎಂಬಷ್ಟನ್ನು ಊಹಿಸಬಹುದು. 1950ರ ಜನವರಿಯಲ್ಲಿ ಆರಂಭವಾದ ಆ ನಿಲಯಕ್ಕೆ ಸಿತಾರ್ ವಾದಕರ ಕೊರತೆ ಎಂದೂ ಇರಲಿಲ್ಲ. ಬೀನ್‌ಕಾರ (ರುದ್ರವೀಣೆಯ ವಾದಕ) ಬಂದೇ ಅಲಿ ಖಾನರ ಶಿಷ್ಯರಾದ ಸಿತಾರ್ ರತ್ನ ರಹಿಮತ್ ಖಾನರು ಧಾರವಾಡಕ್ಕೆ ಬಂದು ನೆಲೆಸಿ ಇಲ್ಲಿಯೇ ಸಂಗೀತ ವಿದ್ಯಾಲಯ ಕಟ್ಟಿದರು. 1954ರಲ್ಲಿ ಅವರು ತೀರಿಕೊಂಡ ಮೇಲೆ ಮಕ್ಕಳು, ಮೊಮ್ಮಕ್ಕಳು, ಶಿಷ್ಯರು ಆ ಪರಂಪರೆಯನ್ನು ಮುಂದುವರಿಸಿದರು. 2007ರಲ್ಲಿ ನಮ್ಮನ್ನಗಲಿದ ಉಸ್ತಾದ್ ಬಾಲೇಖಾನರು ಅವರ ಮೊಮ್ಮಗನೇ. ಆ ಮನೆತನದ ಆಲಾಪದಲ್ಲಿ ಬೀನಿನ ಗಾಂಭೀರ್ಯವಿದೆ: ಒಂದು ಪರದೆಯ (ಸಿತಾರಿನ ಮೆಟ್ಟಿನ) ಮೇಲೆಯೇ ತಂತಿಯನ್ನು ಎಳೆದು ಮೂರು ನಾಲ್ಕು ಸ್ವರಗಳನ್ನು ಹೊರತೆಗೆಯುವ ದೀರ್ಘವಾದ ಮೀಂಡ್, ಅವಸರವಿಲ್ಲದ ಖರಜದ (ತಗ್ಗಿನ ಸ್ವರಗಳ) ಕೆಲಸ.

ಇನ್ನು ಒಂದು ಮಾತು, ದಯವಿಟ್ಟು ಬೇಸರಪಡಬೇಡಿ. ನಿಮ್ಮ ಬರಹದಲ್ಲಿ ಮುಚ್ಚಳಕ್ಕೆ ಸಿಕ್ಕ ಗೌರವ ಸಿತಾರಿಗೆ ಸಿಗಲಿಲ್ಲವೆಂದು ನನಗೆ ಅನಿಸಿತು. ಅಷ್ಟು ವರ್ಷ ಒಬ್ಬ ಕಲಾವಿದರ ವಾದನ ನಿಮ್ಮ ಮನೆಯಲ್ಲಿ ನುಡಿದಿದೆ, ನಾವು ಮಾತ್ರ ಅದನ್ನು ನಮ್ಮ ನೆನಪುಗಳನ್ನು ತೂಗುಹಾಕುವ ಗೂಟವನ್ನಾಗಿ ಮಾಡಿಕೊಳ್ಳುತ್ತೇವೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ರಾತ್ರಿ ಅಪ್ಪನನ್ನೂ ಅಂಗಡಿಯನ್ನೂ ಬದಿಗಿಟ್ಟು ಗತ್ತನ್ನಷ್ಟೇ, ಅಂದರೆ ತಬಲಾದ ಜೊತೆ ಮತ್ತೆ ಮತ್ತೆ ಬರುವ ಕಟ್ಟಿದ ಸ್ವರರಚನೆಯನ್ನಷ್ಟೇ, ಕೇಳಿ ನೋಡಿರಿ. ಹದಿನಾರು ಮಾತ್ರೆಗಳ (ಎಣಿಕೆಗಳ) ವಿಲಂಬಿತ, ಅಂದರೆ ನಿಧಾನಗತಿಯ, ತೀನ್‌ತಾಲದ ಮಸೀತ್‌ಖಾನಿ ಗತ್ತಾಗಿದ್ದರೆ ಅದರ ಮುಖಡಾ, ಅಂದರೆ ಆರಂಭದ ತುಣುಕು, ಹನ್ನೆರಡನೆಯ ಮಾತ್ರೆಯಿಂದ ಏಳುತ್ತದೆ. 'ದಿರ ದಾ ದಿರ ದಾ ರಾ' ಎಂಬ ಮೀಟಿನ ಬೋಲುಗಳೊಂದಿಗೆ ಐದು ಮಾತ್ರೆಗಳನ್ನು ಎಣಿಸಿದರೆ ಮುಂದಿನ 'ದಾ' ಸಮದ (ತಾಳದ ಮೊದಲ ಮಾತ್ರೆಯ) ಮೇಲೆ ಬಂದು ಕೂರುತ್ತದೆ. ಅಲ್ಲಿಂದ 'ದಾ ದಾ ರಾ' ಎಂದು ಮೂರು ಎಣಿಸಿದರೆ ಮತ್ತೆ ಅದೇ ಬೋಲು ನಾಲ್ಕನೆಯ ಮಾತ್ರೆಯಿಂದ ಹೊರಡುತ್ತದೆ. ಇಷ್ಟು ತಿಳಿದು ಕೇಳಿದರೆ ಆ ವಾದನದೊಳಗೆ ನಿಮಗೂ ಕುಳಿತುಕೊಳ್ಳಲು ಒಂದು ಜಾಗ ಸಿಕ್ಕುತ್ತದೆ.

ಆದರೆ ಸ್ವಚ್ಛ ಮಾಡಿದ ಪ್ರತಿಯ ಬಗ್ಗೆ ನಿಮ್ಮ ದೂರು ಸಂಗೀತದ ದೃಷ್ಟಿಯಿಂದಲೂ ಸರಿಯಾದದ್ದೇ. ಸಿತಾರಿನ ಮುಖ್ಯ ತಂತಿಗಳ ಕೆಳಗೆ ಯಾರೂ ಮುಟ್ಟದೆಯೇ ಮಿಡಿಯುವ ತರಬ್ ತಂತಿಗಳಿರುತ್ತವೆ. ಅವುಗಳ ಸಣ್ಣ ಅನುರಣನ ಟೇಪಿನ 'ಸ್‌ಸ್' ಸದ್ದಿನಷ್ಟೇ ಕ್ಷೀಣವಾಗಿ, ಅದರೊಡನೆ ಬೆರೆತೇ ಇರುತ್ತದೆ. ಕಂಪ್ಯೂಟರಿಗೆ ಅವೆರಡರ ನಡುವೆ ಭೇದ ಕಾಣದಿದ್ದರೆ ಎರಡನ್ನೂ ಗುಡಿಸಿ ಹಾಕುತ್ತದೆ. ನಿಮಗೆ ಹತ್ತಿಯಲ್ಲಿ ಸುತ್ತಿದಂತೆ ಕೇಳುತ್ತಿರುವುದು ಅದಕ್ಕಾಗಿಯೇ.

ಶ್ರುತಿ ಹಿಡಿದವನು, ಬ್ಯಾಡಗಿ

ಮಿಜರಾಬು ಅವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಸಂಗೀತವನ್ನು ಸಂಗೀತವಾಗಿ ಕೇಳುವ ಭಾಗ್ಯ ಎಲ್ಲರ ಪಾಲಿಗೂ ಬರುವುದಿಲ್ಲ.

ನಾನು ಹಾವೇರಿ ಜಿಲ್ಲೆಯವನು. ನಮ್ಮ ಸೋದರಮಾವ ಸನಾದಿ ನುಡಿಸುತ್ತಿದ್ದರು. ಶಹನಾಯಿಯನ್ನು ನಮ್ಮ ಭಾಗದಲ್ಲಿ ಸನಾದಿ ಎನ್ನುತ್ತೇವೆ. 1977ರಲ್ಲಿ ರಾಜಕುಮಾರರ 'ಸನಾದಿ ಅಪ್ಪಣ್ಣ' ಚಿತ್ರ ಬಂದು, ಅದಕ್ಕೆ ಸ್ವತಃ ಬಿಸ್ಮಿಲ್ಲಾ ಖಾನರು ನುಡಿಸಿದ ಮೇಲೆ ಆ ಹೆಸರು ಎಲ್ಲ ಕಡೆಯ ಕನ್ನಡಿಗರಿಗೂ ತಿಳಿಯಿತು. ಆ ಚಿತ್ರ ಬಂದ ಮೇಲೆ ಹಲವು ವರ್ಷ, ಮದುವೆಗೆ ಕರೆದವರೆಲ್ಲರೂ ಮಾವನನ್ನು ಅಪ್ಪಣ್ಣ ಎಂದೇ ಕೂಗಿ ಮಾತನಾಡಿಸುತ್ತಿದ್ದರು. ಅವರಿಗೆ ಅದು ಅಷ್ಟೇನೂ ಇಷ್ಟವಿರಲಿಲ್ಲ.

ನನಗೆ ಒಂಬತ್ತು ಹತ್ತು ವರ್ಷವಿದ್ದಾಗ ಅವರು ನನ್ನ ಕೈಗೆ ಇನ್ನೊಂದು ಸನಾದಿಯನ್ನು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ಅದರಲ್ಲಿ ನುಡಿಸಬೇಕಾದದ್ದು ಒಂದೇ ಸ್ವರ, ಷಡ್ಜ. ಮೂಗಿನಿಂದ ಉಸಿರು ಎಳೆದುಕೊಳ್ಳುವಾಗ ಗಲ್ಲದಲ್ಲಿ ತುಂಬಿಟ್ಟುಕೊಂಡ ಗಾಳಿಯನ್ನು ಪೀಪಿಗೆ ಒತ್ತುತ್ತಿರಬೇಕು, ಸ್ವರದ ಎಳೆ ಕ್ಷಣಮಾತ್ರವೂ ಕಡಿಯಬಾರದು. ವಧುವನ್ನು ಕಳುಹಿಸಿಕೊಡುವ ಹೊತ್ತಿಗೆ ಮಾವ ಒಂದು ಧಾಟಿಯನ್ನು ನುಡಿಸುತ್ತಿದ್ದರು. ಚಪ್ಪರದೊಳಗಿದ್ದ ಹೆಣ್ಣುಮಕ್ಕಳೆಲ್ಲರೂ ಅಳುತ್ತಿದ್ದರು, ಸಂಬಾಳ ಬಾರಿಸುವವನು ಸಹ ಕೈ ಹಗುರ ಮಾಡುತ್ತಿದ್ದನು. ಅಂಥ ಎಷ್ಟೋ ಮದುವೆಗಳಲ್ಲಿ ನಾನು ಅವರಿಂದ ಒಂದು ಮೊಳ ದೂರದಲ್ಲಿ ಕುಳಿತಿದ್ದೆನಾದರೂ ಆ ಧಾಟಿಯನ್ನು ಕೇಳಿದೆನೆಂದು ಹೇಳಲಾರೆ. ನನ್ನ ಕಿವಿಯ ತುಂಬ ಇದ್ದದ್ದು ನನ್ನದೇ ಷಡ್ಜ, ನನ್ನ ಗಲ್ಲದ ನೋವು, ಮುಂದಿನ ಉಸಿರಿನ ಚಿಂತೆ.

ಒಮ್ಮೆ ಬ್ಯಾಡಗಿಯಲ್ಲಿಯೇ, ಮೆಣಸಿನಕಾಯಿಯ ಸುಗ್ಗಿ ಜೋರಾಗಿದ್ದಾಗ ಒಂದು ಮದುವೆಯಿತ್ತು. ಗಾಳಿ ಈ ಕಡೆಗೆ ತಿರುಗಿ ಘಾಟು ಗಂಟಲಿಗೆ ಹತ್ತಿ, ನಾನು ಎಷ್ಟು ತಡೆದರೂ ತಡೆಯಲಾಗದೆ ಕೆಮ್ಮಿಬಿಟ್ಟೆ. ಶ್ರುತಿ ನಿಂತಿತು. ಮಾವ ನಿಲ್ಲಿಸಲಿಲ್ಲ, ಹಿಂದಿರುಗಿ ನೋಡಲೂ ಇಲ್ಲ. ನಾನು ಕೆಮ್ಮಿ ಸುಧಾರಿಸಿಕೊಳ್ಳುವವರೆಗೆ ಅವರೊಬ್ಬರೇ ನುಡಿಸಿದರು. ಆಗ, ಬಹುಶಃ ಅರ್ಧ ನಿಮಿಷದಷ್ಟು, ಆ ಧಾಟಿಯನ್ನು ನಾನು ನಿಜವಾಗಿ ಕೇಳಿದೆ. ಇಂದಿಗೂ ನನಗೆ ಬರುವುದು ಆ ಅರ್ಧ ನಿಮಿಷ ಮಾತ್ರ. ಅದರ ಹಿಂದಿನದೂ ಮುಂದಿನದೂ ಗೊತ್ತಿಲ್ಲ. ಮಾವನೂ ಈಗ ಇಲ್ಲ, ಅವರ ವಾದನವನ್ನು ಯಾರೂ ಧ್ವನಿಮುದ್ರಿಸಿಕೊಂಡಿರಲಿಲ್ಲ. ಹೀಗಿರುವಾಗ ಕೆಮ್ಮನ್ನು ತೆಗೆದು ಧಾಟಿಯನ್ನಷ್ಟೇ ಇಟ್ಟುಕೋ ಎಂದರೆ ನಾನು ಹೇಗೆ ಇಟ್ಟುಕೊಳ್ಳಲಿ?

ಬೆಟಗೇರಿ ನಿವಾಸಿ, ಗದಗ

ನಾನು ಟೇಪ್ ರೆಕಾರ್ಡರ್, ರೇಡಿಯೋ ದುರಸ್ತಿ ಮಾಡಿ ಜೀವನ ಸಾಗಿಸಿದವನಾದ್ದರಿಂದ ಎರಡನೆಯ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ರಾಗಗಳ ವಿಷಯದಲ್ಲಿ, ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮವಿರುವ ಊರಿನವನಾಗಿಯೂ, ನನ್ನ ಜ್ಞಾನ ಸೊನ್ನೆ. ಆಶ್ರಮದ ಮುಂದೆ ಹಾದುಹೋಗುವಾಗ ಒಂದು ಕೋಣೆಯಿಂದ ಹಾರ್ಮೋನಿಯಂ, ಇನ್ನೊಂದರಿಂದ ತಬಲಾ, ಮತ್ತೊಂದರಿಂದ ವಯೊಲಿನ್ ಒಟ್ಟಿಗೇ ಕೇಳಿಬರುತ್ತದೆಯಲ್ಲ, ನನಗೆ ಅದೇ ಪ್ರಿಯವಾದ ವಾದ್ಯಸಂಗೀತ.

ಮೊದಲನೆಯದಾಗಿ, ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಹಾಗೆಯೇ ಹಾಕಬೇಡಿ, ಮುಂದಕ್ಕೆ ಹಿಂದಕ್ಕೆ ವೇಗವಾಗಿ ಓಡಿಸಲೂ ಬೇಡಿ. ಟೇಪಿನ ಅಗಲ ನಾಲ್ಕು ಮಿಲಿಮೀಟರಿಗಿಂತ ಕಡಿಮೆ, ಅಂಟಿಕೊಂಡಲ್ಲಿ ಎಳೆದರೆ ಹರಿಯುತ್ತದೆ ಅಥವಾ ಮೇಲಿನ ಲೇಪ ಕಿತ್ತು ಬರುತ್ತದೆ. ಕೆಲವು ದಿನ ಒಣಗಾಳಿಯಲ್ಲಿ, ಬಿಸಿಲು ತಾಗದಂತೆ ಇಡಿ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಟೇಪಿನ ಸುರುಳಿಗಳನ್ನು ಒಳ್ಳೆಯ ಸ್ಥಿತಿಯಲ್ಲಿರುವ ಇನ್ನೊಂದು ಖಾಲಿ ಕವಚಕ್ಕೆ ವರ್ಗಾಯಿಸಬಹುದು. ಹಳೆಯ ಕವಚದಲ್ಲಿ ಟೇಪನ್ನು ಹೆಡ್ಡಿಗೆ (ಧ್ವನಿ ಓದುವ ಭಾಗಕ್ಕೆ) ಒತ್ತಿಹಿಡಿಯುವ ಸಣ್ಣ ಉಣ್ಣೆಯ ತುಂಡು ಉದುರಿಹೋಗಿದ್ದರೂ ಧ್ವನಿ ಮಂಕಾಗುತ್ತದೆ. ಸ್ವಚ್ಛ ಮಾಡಿದವರ ಮೇಲೆಯೇ ಎಲ್ಲ ತಪ್ಪನ್ನೂ ಹೊರಿಸುವ ಮೊದಲು ಅದನ್ನೂ ನೋಡಿರಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅದರ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ತಾರ ಧ್ವನಿ ಅತ್ಯಂತ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಬೇಕು. ಈ ಒಂದು ಕೆಲಸವನ್ನು ಸರಿಯಾಗಿ ಮಾಡಿದರೆ ಮುಂದೆ ಕಂಪ್ಯೂಟರಿನಲ್ಲಿ ಮಾಡುವ ಅರ್ಧ ಕಸರತ್ತು ತಪ್ಪುತ್ತದೆ. ಇಳಿಸಿಕೊಳ್ಳುವಾಗ ಸದ್ದನ್ನು ಸೋಸುವ ಯಾವ ಕೆಲಸವನ್ನೂ ಮಾಡದೆ 24 ಬಿಟ್, 48 ಕಿಲೋಹರ್ಟ್ಸ್ ವೇವ್ ಕಡತವಾಗಿ ಉಳಿಸಿಡಿ. ಸ್ವಚ್ಛ ಮಾಡುವ ಆಸೆಯಾದರೆ ಅದರ ಇನ್ನೊಂದು ಪ್ರತಿಯ ಮೇಲೆ ಮಾಡಿಕೊಳ್ಳಿರಿ.

ಇನ್ನೊಂದು ಸಂಗತಿ. ಬಿ ಬದಿ ಹಾಳಾಗಿದೆ ಎಂದು ಬರೆದಿದ್ದೀರಿ. ಕೀರಲು ಧ್ವನಿ ಬರುತ್ತದೆ ಎಂದರೆ ಟೇಪು ಹಾಳಾಗಿದೆ ಎಂದೇನೂ ಅರ್ಥವಲ್ಲ. ಸೆಲ್ ಮೇಲೆ ನಡೆಯುವ ರೆಕಾರ್ಡರಿನಲ್ಲಿ ಧ್ವನಿ ತುಂಬಿಸುವಾಗ ಸೆಲ್ಲುಗಳು ಇಳಿಯತೊಡಗಿದರೆ ಮೋಟಾರು ನಿಧಾನವಾಗುತ್ತದೆ. ಹಾಗೆ ನಿಧಾನವಾಗಿ ತುಂಬಿದ್ದನ್ನು ಆಮೇಲೆ ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲವೂ ಅವಸರವಾಗಿ, ಎತ್ತರದ ಸ್ವರದಲ್ಲಿ ಕೇಳುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಮತ್ತೆ ನಿಧಾನ ಮಾಡಿ ಸರಿಪಡಿಸಬಹುದು. ಕ್ಯಾಸೆಟ್ಟನ್ನು ಅಂಚೆಯಲ್ಲಿ ಮಾತ್ರ ಕಳುಹಿಸಬೇಡಿ. ಹುಬ್ಬಳ್ಳಿಯಿಂದ ಗದಗ ದೂರವೇನಲ್ಲ, ಒಂದು ಭಾನುವಾರ ಬನ್ನಿರಿ.

ದುರ್ಗದಬೈಲು

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಅವ್ವನನ್ನು ಕೂರಿಸಿಕೊಂಡು, ಸ್ವಚ್ಛ ಮಾಡಿದ ಪ್ರತಿಯನ್ನೇ ಹಾಕಿ, ಮಿಜರಾಬು ಅವರು ಹೇಳಿದಂತೆ ಬೆರಳು ಮಡಿಚಿ ಎಣಿಸುತ್ತ ಕೇಳಿದೆ. ಹನ್ನೆರಡರಿಂದ 'ದಿರ ದಾ' ಏಳುವುದು ತಿಳಿಯಿತು. ಮುಚ್ಚಳದ ಸದ್ದು ಈಗ ಇಲ್ಲದಿದ್ದರೂ ಅದು ಬೀಳುತ್ತಿದ್ದ ಜಾಗವನ್ನು ನನ್ನ ಮೈ ಮರೆತಿರಲಿಲ್ಲ. ಅದು ಹದಿನೈದನೆಯ ಮಾತ್ರೆ. ಅಂದರೆ ಮುಚ್ಚಳ ಇನ್ನೂ ತಿರುಗುತ್ತಿರುವಾಗಲೇ ಸಿತಾರ್ ಸಮಕ್ಕೆ ಬಂದು ಮಧ್ಯಮದ ಮೇಲೆ ನಿಲ್ಲುತ್ತಿತ್ತು. ಇಷ್ಟು ವರ್ಷ ಆ ಮಧ್ಯಮ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಅವ್ವನನ್ನು ಮುಚ್ಚಳದ ಬಗ್ಗೆ ಕೇಳಿದರೆ "ನಾ ಯಾಕ ಕೆಡವಲಿ, ಅದು ನಿಮ್ಮ ಆಯಿ ಕೈಯಾಗಿಂದು" ಎಂದು ಖಂಡಿತವಾಗಿ ಹೇಳಿದಳು. 'ಅಯ್ಯ' ಎಂದದ್ದು ಆಯಿಯೇ, ಅಂದರೆ ನಮ್ಮ ಅಜ್ಜಿಯೇ ಅಂತೆ. ಆಮೇಲೆ ನಾನು ಕೇಳದಿದ್ದ ಇನ್ನೊಂದು ವಿಷಯವನ್ನೂ ಹೇಳಿದಳು. ಅಪ್ಪ ಮಾಸ್ತರರಿಂದ ಆ ಯಂತ್ರವನ್ನು ತಂದದ್ದು ಸಿತಾರಿಗಾಗಿ ಅಲ್ಲವೇ ಅಲ್ಲ. ಮರುದಿನ ನಮ್ಮ ಅತ್ತೆಯ ಮದುವೆಯಿತ್ತು, ತಮ್ಮ ಆ ತಂಗಿಯ ಮದುವೆಯ ಸನಾದಿಯನ್ನು ತುಂಬಿಸಿಕೊಳ್ಳಬೇಕೆಂದು ತಂದಿದ್ದರು. ಯಂತ್ರ ಸರಿಯಾಗಿ ನಡೆಯುತ್ತದೆಯೋ ಇಲ್ಲವೋ ನೋಡೋಣವೆಂದು ಹಿಂದಿನ ರಾತ್ರಿ ಕರೆಂಟಿಗೆ ಜೋಡಿಸಿ, ರೇಡಿಯೋದಲ್ಲಿ ಆ ಹೊತ್ತಿಗೆ ಏನು ಬರುತ್ತಿತ್ತೋ ಅದನ್ನು ತುಂಬಿಸಿದರು. "ಸಿತಾರ ಗಿತಾರ ಅಂವಗೇನ್ ಗೊತ್ತಿತ್ತು" ಎಂದು ಅವ್ವ ನಕ್ಕಳು. ಮದುವೆಯ ದಿನ ಚಪ್ಪರದಲ್ಲಿ ಕರೆಂಟಿರಲಿಲ್ಲ. ಹಳೆಯ ಸೆಲ್ಲುಗಳನ್ನು ಹಾಕಿ ಬಿ ಬದಿಯಲ್ಲಿ ತುಂಬಿಸಿದರಂತೆ, ಅದು ಕೆಟ್ಟಿತೆಂದು ಅತ್ತೆಯ ಮುಂದೆ ಬಹಳ ದಿನ ಪೇಚಾಡಿಕೊಂಡರಂತೆ.

ನಾವು ಮಕ್ಕಳು 'ಇಲಿಯ ಹಾಡು' ಎಂದು ನಗುತ್ತಿದ್ದದ್ದು ಆ ಸನಾದಿಯನ್ನೇ. ಬೆಟಗೇರಿಯವರೇ, ಈ ಭಾನುವಾರವೇ ಕ್ಯಾಸೆಟ್ ಹಿಡಿದುಕೊಂಡು ಬೆಳಗಿನ ರೈಲಿಗೆ ಬರುತ್ತೇನೆ. ಬ್ಯಾಡಗಿಯವರಲ್ಲಿಯೂ ಒಂದು ಕೋರಿಕೆ: ಅದನ್ನು ನಿಧಾನ ಮಾಡಿ ಇಳಿಸಿಕೊಂಡ ಮೇಲೆ ನಿಮಗೆ ಕಳುಹಿಸುತ್ತೇನೆ, ಯಾವ ಧಾಟಿಯೆಂದು ಕೇಳಿ ಹೇಳಿರಿ. ಪಕ್ಕದಲ್ಲಿ ಷಡ್ಜ ಹಿಡಿದವನು ಎಲ್ಲಿಯಾದರೂ ಕೆಮ್ಮಿದ್ದಾನೆಯೇ ಎಂಬುದನ್ನೂ ನೋಡೋಣ.